ರಿಪೇರಿ ಗ್ರಿಗೋರೆಯವರ ಸಂಶಯಗಳು

ಗ್ರಿಗೋರೆಯವರು ತಾವು ರಿಪೇರಿ ಮಾಡಿದ ಪ್ರತಿಯೊಂದು ಟೈಪ್‌ರೈಟರಿನಲ್ಲೂ ಒಂದು ಸಾಲು ಹೊಡೆದು ನೋಡುತ್ತಿದ್ದರು. ತೃಪ್ತಿಯಾದ ಮೇಲೆ ಆ ಹಾಳೆಯನ್ನು ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಸುಡುತ್ತಿದ್ದರು. ಬೂದಿಯನ್ನು ಪೆನ್ಸಿಲಿನ ಹಿಂಬದಿಯಿಂದ ಕದಡಿ, ಡಬ್ಬಿಯನ್ನು ಸಿಂಕಿನಲ್ಲಿ ತೊಳೆದು ಬೋರಲು ಹಾಕಿ, ಆಮೇಲಷ್ಟೇ ಗಿರಾಕಿಯ ಕಡೆ ತಿರುಗಿ, "ಯಂತ್ರ ಚೆನ್ನಾಗಿದೆ. ಯಾರಿಗೂ ಹೇಳಬೇಡಿ" ಎನ್ನುತ್ತಿದ್ದರು. ಗಿರಾಕಿಗಳೆಂದರೆ ಯಾರು? ಇನ್ಶೂರೆನ್ಸ್ ಏಜೆಂಟರು, ಚರ್ಚಿನ ಗುಮಾಸ್ತೆಯರು, ಒಬ್ಬ ದಂತವೈದ್ಯರು. ಹಲ್ಲು ಕೀಳಿಸಿಕೊಳ್ಳಲು ಇಂಥ ದಿನ ಬನ್ನಿ ಎಂದು ಟೈಪ್ ಮಾಡುವುದರಲ್ಲಿ ರಾಜದ್ರೋಹದ ಅಂಶ ಎಷ್ಟಿದೆಯೆಂಬುದು ಆ ವೈದ್ಯರಿಗೆ ಕೊನೆಯವರೆಗೂ ಹೊಳೆಯಲಿಲ್ಲ.

ಎಂಬತ್ತರ ದಶಕದ ನಡುಭಾಗ. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ, ಒಂದು ಲಾಂಡ್ರಿಗೂ ಒಂದು ಡೋನಟ್ ಅಂಗಡಿಗೂ ನಡುವೆ, ಅವರ ಅಂಗಡಿ. ಬೋರ್ಡಿನಲ್ಲಿ ರಿಪೇರಿ ಎಂಬ ಒಂದೇ ಪದ. ಏನು ರಿಪೇರಿ, ಯಾರ ರಿಪೇರಿ ಎಂಬ ವಿವರಗಳನ್ನು ಶತ್ರುಗಳ ಕೈಗೆ ಕೊಡುವುದು ಅವರಿಗೆ ಇಷ್ಟವಿರಲಿಲ್ಲ. ಒಳಗೆ ಅವರ ಕುರ್ಚಿ ಗೋಡೆಗೆ ಬೆನ್ನು ಮಾಡಿಕೊಂಡಿರುತ್ತಿತ್ತು. ಅದರಲ್ಲಿ ಅರವತ್ತರ ಹತ್ತಿರದ, ಭುಜ ಅಗಲವಾದ, ಬೆರಳುಗಳು ಮಾತ್ರ ಪಿಟೀಲು ವಿದ್ವಾಂಸರ ಬೆರಳುಗಳಂತಿದ್ದ, ಕಮ್ಯುನಿಸ್ಟ್ ರುಮೇನಿಯಾದಿಂದ ಬಂದ ಮನುಷ್ಯ. ಏನು ಕೇಳಿದರೂ ಮೊದಲ ಉತ್ತರ ಒಂದೇ: "ಒಳ್ಳೇ ಪ್ರಶ್ನೆ. ಯಾರು ಕೇಳಲು ಹೇಳಿದರು?" ಗಂಟೆ ಎಷ್ಟು ಎಂದು ಕೇಳಿದವರಿಗೂ ಈ ಮರ್ಯಾದೆ ತಪ್ಪುತ್ತಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಸಾಹಿತ್ಯಸೇವೆಯ ನಿಮಿತ್ತ. ಹಗಲಿನಲ್ಲಿ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ನಾನು, ಉಳಿದ ವೇಳೆಯಲ್ಲಿ ನಮ್ಮ ಕನ್ನಡ ಸಂಘದ 'ಕ್ಷೇಮಸಮಾಚಾರ' ಎಂಬ ಪತ್ರಿಕೆಯ ಸಂಪಾದಕ, ವರದಿಗಾರ, ಬೆರಳಚ್ಚುಗಾರ ಮತ್ತು ಅಂಚೆಯವ. ಪ್ರಸಾರ ನೂರಾ ಹನ್ನೆರಡು ಮನೆ. ಓದುಗರು ಅದರಲ್ಲಿ ಕಾಲುಭಾಗ, ನನ್ನ ಹೆಂಡತಿ ರತ್ನಳನ್ನೂ ಸೇರಿಸಿ. ಬೆಂಗಳೂರಿನಿಂದ ಸಂಘದ ಅಧ್ಯಕ್ಷರೊಬ್ಬರು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಕನ್ನಡ ಟೈಪ್‌ರೈಟರು ನಮ್ಮ ಸಮಸ್ತ ಆಸ್ತಿ. ಯುಗಾದಿ ಸಂಚಿಕೆಯ ಹೊತ್ತಿಗೆ ಸರಿಯಾಗಿ ಅದರ ಒತ್ತಕ್ಷರಗಳ ಕೀಲು ಕಚ್ಚಿಕೊಂಡಿತು. ಒತ್ತಿಲ್ಲದೆ 'ಯುಗಾದಿಯ ಶುಭಾಶಯಗಳು' ಬರೆಯಬಹುದು, ಕಾರ್ಯದರ್ಶಿ ಎಂದು ಬರೆಯಲಾಗದು. ಕಾರ್ಯದರ್ಶಿಗಳು ಇದನ್ನು ಸಹಿಸುವವರಲ್ಲ.

ಗ್ರಿಗೋರೆಯವರು ಯಂತ್ರದ ಮುಚ್ಚಳ ತೆಗೆದು, ಅಕ್ಷರಗಳನ್ನು ನೋಡಿ, ಮುಚ್ಚಳ ಹಾಕಿದರು. ಎದ್ದು ಹೋಗಿ ಬಾಗಿಲಿನ ಬೋರ್ಡು ತಿರುಗಿಸಿ 'ಮುಚ್ಚಿದೆ' ಮಾಡಿದರು.

"ಇದು ಯಾವ ಲಿಪಿ?"

"ಕನ್ನಡ."

"ಎಷ್ಟು ಜನ ಓದುತ್ತಾರೆ?"

"ಕೋಟಿಗಟ್ಟಲೆ."

"ಇಲ್ಲಿ?"

"ಇಲ್ಲಿ... ಸ್ವಲ್ಪ ಕಮ್ಮಿ."

ನನ್ನ ಕೈಯಲ್ಲಿ ಒಂದು ಸಾಲು ಹೊಡೆಸಿದರು. ಡೋನಟ್ ಅಂಗಡಿಯಿಂದ ಕಾಫಿ ತರಿಸಿ ಕುಡಿಸಿ, ಒಂದು ಗಂಟೆ ಕಳೆದ ಮೇಲೆ ಅದೇ ಸಾಲನ್ನು ಮತ್ತೆ ಹೊಡೆಯಿರಿ ಎಂದರು. ಎರಡನ್ನೂ ಅಕ್ಷರಕ್ಕಕ್ಷರ ಹೋಲಿಸಿದರು. ಗುಪ್ತಸಂಕೇತವಾಗಿದ್ದರೆ ನಾನು ಎಲ್ಲಾದರೂ ತಪ್ಪುತ್ತೇನೆಂಬುದು ಅವರ ಲೆಕ್ಕ. 'ಳ' ಅಕ್ಷರ ತೋರಿಸಿ ಉಚ್ಚಾರ ಕೇಳಿದರು. ಮುಂದಿನ ವಾರ ಹೋದಾಗ ಮತ್ತೆ ಅದನ್ನೇ ಕೇಳಿದರು. ಈ ಪರೀಕ್ಷೆಗಳಲ್ಲಿ ನಾನು ಉತ್ತೀರ್ಣನಾದೆನೆಂದು ತಿಳಿದದ್ದು ಮೂರನೆಯ ವಾರ, ಯಂತ್ರ ರಿಪೇರಿಯಾಗಿ ಕೈಗೆ ಬಂದಾಗ. ಕನ್ನಡದ ಒಂದಕ್ಷರ ಬಾರದ ಆ ಮನುಷ್ಯ ಒತ್ತಕ್ಷರಗಳನ್ನು ಎಷ್ಟು ನೇರವಾಗಿ ಕೂರಿಸಿದ್ದರೆಂದರೆ, ಬೆಂಗಳೂರಿನಲ್ಲಿ ಹೊಸದಾಗಿ ಕೊಂಡಾಗಲೂ ಅದು ಹಾಗೆ ಹೊಡೆದಿರಲಿಲ್ಲ.

ಸಂಶಯ ಅವರೊಬ್ಬರ ಸ್ವತ್ತಾಗಿತ್ತೆಂದು ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ನಮ್ಮ ಆಫೀಸಿನಲ್ಲಿ ಆಗ ಮೂರು ತಿಂಗಳಿಗೊಮ್ಮೆ ಒಂದು ಮೀಟಿಂಗು: ಕಮ್ಯುನಿಸ್ಟ್ ದೇಶಗಳವರು ಚಿಪ್‌ಗಳ ಗುಟ್ಟಿಗಾಗಿ ನಿಮ್ಮ ಸ್ನೇಹ ಬೆಳೆಸಬಹುದು, ಎಚ್ಚರ. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. "ಅಷ್ಟೊಂದು ಪ್ರಶ್ನೆ ಕೇಳ್ತಾರಲ್ರೀ, ಅವರೇ ಗೂಢಚಾರರಿದ್ದರೆ?" ಎಂದು ರತ್ನ ಕೇಳಿದಾಗ ನಾನು ನಕ್ಕೆ. ನಕ್ಕು, ಮುಂದಿನ ಸಲ ಅಂಗಡಿಗೆ ಹೋಗುವಾಗ ಆಫೀಸಿನ ಬ್ಯಾಡ್ಜನ್ನು ಕಾರಿನಲ್ಲೇ ಬಿಟ್ಟುಹೋದೆ.

ಆದರೂ ಒಂದು ಭಾನುವಾರ ಅವರನ್ನು ಊಟಕ್ಕೆ ಕರೆದೆವು. ರತ್ನ ಬಿಸಿಬೇಳೆಬಾತು ಬಡಿಸಿ, ನಮ್ಮಲ್ಲಿನ ಪದ್ಧತಿಯಂತೆ ಸೌಟು ಹಿಡಿದು ಪಕ್ಕದಲ್ಲಿ ನಿಂತಳು. ಗ್ರಿಗೋರೆಯವರು ಚಮಚ ಮುಟ್ಟಲಿಲ್ಲ.

"ನಿಮ್ಮ ಹೆಂಡತಿ ಯಾಕೆ ತಿನ್ನುತ್ತಿಲ್ಲ?"

"ಅವಳು ಆಮೇಲೆ ತಿಂತಾಳೆ."

"ಯಾವುದರ ಆಮೇಲೆ?"

ಅತಿಥಿಗಳ ಊಟವಾದ ಮೇಲೆ ಮನೆಯವರು ಊಟ ಮಾಡುವುದು ಗೌರವ ಎಂದು ನಾನು ವಿವರಿಸಿದಷ್ಟೂ ಅವರ ಮುಖ ಬಿಳಿಚುತ್ತಾ ಬಂತು. ಅಡಿಗೆ ಮಾಡಿದವರೇ ಮುಟ್ಟದೆ ನಿಂತು ನೋಡುವ ಊಟವನ್ನು ಗೌರವವೆಂದು ಒಪ್ಪುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೊನೆಗೆ ರತ್ನ ದಡಕ್ಕನೆ ಕುರ್ಚಿ ಎಳೆದು ಕೂತು, ಅವರ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡಳು. "ನಮ್ಮಮ್ಮ ನೋಡಿದ್ರೆ ಪ್ರಾಣ ಬಿಡ್ತಿದ್ರು" ಎಂದು ಕನ್ನಡದಲ್ಲಿ ನನಗೆ ಹೇಳಿದಳು. ಗ್ರಿಗೋರೆಯವರು ಅವಳು ನುಂಗುವುದನ್ನು ಕಾದು, ಇನ್ನೂ ಅರ್ಧ ನಿಮಿಷ ಕಾದು, ಮೂರು ಸಲ ಹಾಕಿಸಿಕೊಂಡು ಉಂಡರು.

ಆ ದಿನವೇ ಅವರು ಬಾಯಿ ಬಿಟ್ಟದ್ದು. ಮೊದಲು ಅಡಿಗೆಮನೆಯ ನಲ್ಲಿ ತಿರುಗಿಸಿ ನೀರು ಬಿಟ್ಟರು, ಸದ್ದಿನಲ್ಲಿ ಮಾತು ಮುಚ್ಚಿಹೋಗಲಿ ಎಂದು. ಅವರ ಇಂಗ್ಲಿಷು ತುಂಡುತುಂಡು; ನಾನು ಇಲ್ಲಿ ಸ್ವಲ್ಪ ಬೆಸೆದಿದ್ದೇನೆ.

"ನಮ್ಮಲ್ಲಿ ಟೈಪ್‌ರೈಟರ್ ಇದ್ದರೆ ಪೊಲೀಸರಲ್ಲಿ ಬರೆಸಬೇಕು. ವರ್ಷಕ್ಕೊಮ್ಮೆ ಹೊತ್ತುಕೊಂಡು ಹೋಗಿ ಎಲ್ಲ ಅಕ್ಷರ ಹೊಡೆದು ಮಾದರಿ ಕೊಡಬೇಕು. ಊರಿನಲ್ಲಿ ಒಂದು ಕರಪತ್ರ ಸಿಕ್ಕರೆ ಮಾದರಿ ತೆಗೆದು ಹೋಲಿಸುತ್ತಾರೆ. ಯಾರ 'ಎ' ಬಾಲ ಮುರಿದಿದೆ, ಯಾರ 'ಆರ್' ವಾಲಿದೆ. ಹಿಡಿಯುತ್ತಾರೆ. ನಾನು ರಿಪೇರಿಯವನು. ಮಾದರಿ ಕೊಟ್ಟು ಬಂದ ಯಂತ್ರದ ಅಕ್ಷರ ಕಿತ್ತು, ಬೇರೆ ಯಂತ್ರಕ್ಕೆ ಬೆಸುಗೆ ಹಾಕುತ್ತಿದ್ದೆ. ಇಡೀ ಊರಿನ ಮಾದರಿ ಸುಳ್ಳಾಯಿತು."

ಇದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ತುಂಟ ಹುಡುಗರ ನಗೆಯಂಥದೊಂದು ಬಂದುಹೋಯಿತು. ಮುಂದಿನದು ನಗೆಯದ್ದಲ್ಲ. ಹಿಡಿಯುವ ಸುಳಿವು ಸಿಕ್ಕಾಗ ಗಡಿ ದಾಟಿದರು. ಹೆಂಡತಿ ಫ್ಲೋರಿಕಾ ಅಲ್ಲೇ ಉಳಿದಳು. ಗಂಡನ ಹತ್ತಿರ ಹೋಗಲು ಬಿಡಿ ಎಂದು ಐದು ವರ್ಷಗಳಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಿದ್ದಾಳೆ, ಇಲ್ಲ ಎನ್ನುತ್ತಿದ್ದಾರೆ. ಈ ನಡುವೆ ಇವರು ಇಲ್ಲಿ ಕೂತು ಮಾರಿಯತ್ತೆ ಎಂಬ ಗೊಣಗಾಟದ ಮುದುಕಿಯ ಹೆಸರಿನಲ್ಲಿ ಕಾಗದ ಬರೆಯುತ್ತಾರೆ: ರೊಟ್ಟಿಯ ಕ್ಯೂ, ಆರಿದ ಒಲೆ, ಮನೆಗೊಂದು ನಲವತ್ತು ವ್ಯಾಟಿನ ಬಲ್ಬು. ಪಶ್ಚಿಮ ಯೂರೋಪಿನಿಂದ ಅವರ ದೇಶಕ್ಕೆ ಪ್ರಸಾರ ಮಾಡುವ ಒಂದು ರೇಡಿಯೋ ಅದನ್ನು ಓದುತ್ತದೆ. ಅಲ್ಲಿ ಜನ ಕಿಟಕಿ ಮುಚ್ಚಿ ಕೇಳುತ್ತಾರೆ.

"ಮಾರಿಯತ್ತೆ ನಾನೇ ಅಂತ ಗೊತ್ತಾದ ದಿನ ಫ್ಲೋರಿಕಾಳ ಅರ್ಜಿ ಕಸದ ಬುಟ್ಟಿಗೆ. ಅವಳನ್ನು ಎಲ್ಲಿಗೆ ಒಯ್ಯುತ್ತಾರೋ ಗೊತ್ತಿಲ್ಲ" ಎಂದು ನಲ್ಲಿ ನಿಲ್ಲಿಸಿದರು.

ಇಷ್ಟು ತಿಳಿದಿದ್ದೂ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಉಳಿದವು. ಬರೆಯುತ್ತೇನೆಂದು ಮಾತು ಕೊಟ್ಟಿದ್ದ ಡಾಕ್ಟರೊಬ್ಬರು ಕೈಕೊಟ್ಟಿದ್ದರು. ಖಾಲಿ ಪುಟ ಕಂಡ ಸಂಪಾದಕನ ಧರ್ಮಬುದ್ಧಿ ಎಷ್ಟು ಹೊತ್ತು ನಿಂತೀತು? 'ನಮ್ಮ ಒತ್ತಕ್ಷರಗಳ ವೈದ್ಯರು' ಎಂದು ಒಂದು ಲೇಖನ ಬರೆದೆ. ಗ್ರಿಗೋರೆ ಎಂಬ ಹೆಸರು, ಎಲ್ ಕಮೀನೋದ ಅಂಗಡಿ, ಮಾರಿಯತ್ತೆ, ರೇಡಿಯೋ, ಎಲ್ಲ. ಕನ್ನಡದಲ್ಲಿ ತಾನೇ, ಕನ್ನಡಿಗರೇ ಓದುವುದಿಲ್ಲ, ರುಮೇನಿಯಾದವರು ಓದುತ್ತಾರೆಯೇ ಎಂದು ನನ್ನ ಸಮಾಧಾನ. ಸಾಲದ್ದಕ್ಕೆ ಒಂದು ಪ್ರತಿಯನ್ನು ಅವರ ಅಂಗಡಿಗೇ ಒಯ್ದು, ಹೆಮ್ಮೆಯಿಂದ, ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಓದಿ ಹೇಳಿದೆ.

ಅವರು ಕೂಗಾಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟರು.

"ಎಷ್ಟು ಪ್ರತಿ?"

"ನೂರಾ ಹನ್ನೆರಡು. ಸಾರ್, ಇದನ್ನ ಯಾರೂ ಓದೋಕಾಗಲ್ಲ..."

"ಯಾರೂ ಓದಲಾಗದ್ದನ್ನು ಓದುವುದಕ್ಕೇ ನಮ್ಮಲ್ಲಿ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ನಮ್ಮ ದೇಶದ ಅಧ್ಯಕ್ಷ ನಿಮ್ಮ ದೇಶಕ್ಕೆ ಹೋದರೆ ಕತ್ತಿನ ತುಂಬ ಹಾರ; ಎರಡು ಸರ್ಕಾರಗಳಿಗೂ ಸ್ನೇಹ. ನಿಮ್ಮವರು ಯಾರೋ ಓದುತ್ತಾರೆ, ಯಾರಿಗೋ ನಗುತ್ತಾ ಹೇಳುತ್ತಾರೆ." ನನ್ನನ್ನೇ ನೋಡುತ್ತಾ ಕೇಳಿದರು: "ನಿಮಗೆ ಬರೆಯಲು ಯಾರು ಹೇಳಿದರು?"

ಆ ಪ್ರಶ್ನೆ ಅಷ್ಟು ದಿನ ತಮಾಷೆಯಾಗಿತ್ತು. ಅಂದು ಅವರು ನಿಜವಾಗಿ ಕೇಳಿದ್ದರು. ಖಾಲಿ ಪುಟ ಹೇಳಿತು ಎಂಬ ಉತ್ತರ ಎಷ್ಟು ಸತ್ಯವೋ ಅಷ್ಟೇ ಸುಳ್ಳಾಗಿ ಕೇಳಿಸಿತು, ನನಗೇ.

ಹೀಗೆ ಆರಂಭವಾಯಿತು 'ಕ್ಷೇಮಸಮಾಚಾರ'ದ ಇತಿಹಾಸದಲ್ಲೇ ಮೊದಲ ಮತ್ತು ಕೊನೆಯ ಮುಟ್ಟುಗೋಲು. ಮೂರು ವಾರಾಂತ್ಯ ನಾನೂ ಗ್ರಿಗೋರೆಯವರೂ ಅವರ ಹಳೆಯ ಕಾರಿನಲ್ಲಿ ಫ್ರೀವೇ ಹಿಡಿದು ಮನೆಮನೆ ಸುತ್ತಿದೆವು. ಅವರು ಕಾರಿನಲ್ಲಿ ಕೂತು ಪಟ್ಟಿಯಲ್ಲಿ ಗೀಟು ಹಾಕುವುದು, ನಾನು ಬಾಗಿಲು ತಟ್ಟುವುದು. ಕಾರಣಕ್ಕೆ ನಾನೊಂದು ಸುಳ್ಳು ಹೊಸೆದಿದ್ದೆ: ಪಂಚಾಂಗದ ಪುಟದಲ್ಲಿ ಏಕಾದಶಿ ತಪ್ಪಾಗಿ ಬಿದ್ದಿದೆ, ಹೊಸ ಪ್ರತಿ ಕಳಿಸುತ್ತೇವೆ. ಅತ್ಯಂತ ಜಾಣ ಸುಳ್ಳೆಂದುಕೊಂಡಿದ್ದೆ. ಕ್ಯುಪರ್ಟಿನೋದ ಒಂದು ಮನೆಯಲ್ಲಿ, ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಆ ಪಂಚಾಂಗ ನಂಬಿ ಹಿಂದಿನ ದಿನವಷ್ಟೇ ನಿರ್ಜಲ ಉಪವಾಸ ಮಾಡಿದ್ದರು. "ಹಾಗಾದ್ರೆ ನಾನು ಹೊಟ್ಟೆ ಒಣಗಿಸಿಕೊಂಡದ್ದೆಲ್ಲ ದಂಡ ಆಯ್ತೇನಪ್ಪಾ?" ಎಂದರು. ಆ ಪಾಪ ಇನ್ನೂ ನನ್ನ ತಲೆಯ ಮೇಲಿದೆ.

ಸಾಹಿತ್ಯ ಜನರ ಬದುಕಿನೊಳಗೆ ಎಷ್ಟು ಆಳಕ್ಕೆ ಇಳಿದಿದೆಯೆಂದು ತಿಳಿಯಲು ಪ್ರತಿ ಸಂಪಾದಕನೂ ಒಮ್ಮೆ ತನ್ನ ಪತ್ರಿಕೆಯನ್ನು ವಾಪಸು ಕೇಳಬೇಕು. ಕೆಲವು ಪ್ರತಿಗಳು ಗ್ರೋಸರಿ ಇಡುವ ಕಪಾಟಿಗೆ ಹಾಸಾಗಿದ್ದವು. ಒಂದರ ಮೇಲೆ ಚಕ್ಕುಲಿ ಎಣ್ಣೆ ಬಸಿಯುತ್ತಿತ್ತು. ಬಹುಪಾಲು ಲಕೋಟೆಯಿಂದಲೇ ಹೊರಗೆ ಬಂದಿರಲಿಲ್ಲ. ಒಂದು ಮನೆಯಲ್ಲಿ ಬಾಗಿಲು ತೆಗೆದ ಪುಟ್ಟ ಹುಡುಗಿ ಒಳಗೆ ತಿರುಗಿ, "ಅಪ್ಪಾ, ನ್ಯೂಸ್‌ಪೇಪರ್ ಅಂಕಲ್ ಈಸ್ ಹಿಯರ್ ಟು ಟೇಕ್ ಇಟ್ ಬ್ಯಾಕ್!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಕಾರಿನಲ್ಲಿ ಗ್ರಿಗೋರೆಯವರ ತಲೆ ಸೀಟಿನ ಕೆಳಗೆ ಇಳಿಯಿತು.

ನೂರಾ ಹನ್ನೊಂದು ಸಿಕ್ಕವು. ಉಳಿದದ್ದು ಯೂನಿಯನ್ ಸಿಟಿಯ ಪಾಟೀಲರ ಪ್ರತಿ. ಪಾಟೀಲರು ಧಾರವಾಡದವರು, ನನ್ನ ವಯಸ್ಸಿನವರೇ. ಸಂಘದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಠರಾವುಗಳಿಗೂ ವಿರೋಧವಾಗಿ ಕೈ ಎತ್ತುವವರು.

"ಏಕಾದಶಿಗೆ ಬಂದ್ರೇನ್ರೀ?" ಎಂದರು ಬಾಗಿಲಲ್ಲೇ; ನನ್ನ ಸುಳ್ಳು ನನಗಿಂತ ಮೊದಲೇ ಫೋನಿನಲ್ಲಿ ಅವರ ಮನೆ ತಲುಪಿತ್ತು. "ಸುಳ್ಳ ಯಾಕ್ ಹೇಳ್ತೀರಿ ಸಂಪಾದಕ್ರ? ಆ ಟೈಪ್‌ರೈಟರ್ ಸಾಹೇಬ್ರ ಲೇಖನಾ ನೋಡ್ರಿ, ಅದಕ್ಕ ಬಂದೀರಿ ನೀವು."

ನನಗೆ ಆಘಾತವಾಯಿತು. ನಿಜವಾಗಿ ಓದಿದ ಒಬ್ಬ ಓದುಗರು ಸಿಕ್ಕಿದ್ದರು, ಸಿಗಬಾರದ ದಿನ.

"ಪಾಟೀಲ್ರೇ, ಒಬ್ಬ ಹೆಂಗಸಿನ ಜೀವದ ಪ್ರಶ್ನೆ. ದಯವಿಟ್ಟು ಕೊಟ್ಟುಬಿಡಿ."

"ಕೊಡಂಗಿಲ್ರೀ. ನಾ ಯಾರಿಗೂ ತೋರ್ಸಂಗಿಲ್ಲ, ಆ ಮಾತ್ ಬೇರೆ. ಆದ್ರ ಕೊಡಂಗಿಲ್ಲ. ತುರ್ತುಪರಿಸ್ಥಿತಿ ಟೈಮಿನ್ಯಾಗ ನಮ್ಮ ಕಾಕಾನ ಪ್ರೆಸ್ಸಿಗೆ ಪೊಲೀಸರು ಬಂದಿದ್ರು. ಭಾಳ ನಯಾ. ತಪ್ಪ ಅಚ್ಚಾಗೇದ, ವಾಪಸ್ ಕೊಡ್ರಿ ಅಂದ್ರು. ಕಾಕಾ ಕೊಟ್ಟ. ಮರುದಿನ ಬೀಗಾ ಬಡದ್ರು. ಕಾಕಾ ಮುಂದ ಇದ್ದಷ್ಟ ದಿನಾನೂ ಒಂದ ಮಾತ್ ಅಂತಿದ್ದ, ಕೊಡಬಾರದಿತ್ತು ಅಂತ. ಅಚ್ಚಾದ ಕಾಗದಾ ಮನಿಗೆ ಬಂದು ಕೇಳಾಕ ನೀವೇನ್ ಪೊಲೀಸರೇನ್ರೀ?"

ಕಾರಿನ ಬಾಗಿಲು ತೆರೆದ ಸದ್ದಾಯಿತು. ನಾನು ಬರುವುದು ತಡವಾದದ್ದು ಕಂಡು ಗ್ರಿಗೋರೆಯವರು ಇಳಿದು ಬಂದಿದ್ದರು. "ಏನು ಹೇಳುತ್ತಿದ್ದಾರೆ?" ಎಂದರು. ನಾನು ಅನುವಾದಿಸಿದೆ. ಕಾಕಾ, ಪ್ರೆಸ್ಸು, ಬೀಗ, ಕೊನೆಯ ಪ್ರಶ್ನೆ, ಏನೂ ಬಿಡದೆ. ಸಂಪಾದಕನಾಗಿ ನಾನು ಪ್ರಾಮಾಣಿಕವಾಗಿ ಮಾಡಿದ ಕೆಲಸ ಬಹುಶಃ ಅದೊಂದೇ.

ಪಾಟೀಲರು ಒಳಗೆ ಹೋಗಿ ಆ ಪ್ರತಿ ತಂದು, ಕೊಡದೆ, ಎದೆಗೆ ಒತ್ತಿ ಹಿಡಿದು ನಿಂತರು. ಕಿತ್ತುಕೊಂಡರೆ ಸಿಗುವಷ್ಟು ಹತ್ತಿರ. ಗ್ರಿಗೋರೆಯವರ ಕೈ ಅರ್ಧ ಮುಂದೆ ಬಂತು. ಆ ಪಿಟೀಲು ಬೆರಳುಗಳ ಕೈ ಗಾಳಿಯಲ್ಲಿ ಹಾಗೇ ನಿಂತದ್ದು, ಆಮೇಲೆ ಕೋಟಿನ ಜೇಬಿನೊಳಗೆ ಹೋದದ್ದು, ಎರಡೂ ನನಗೆ ಚೆನ್ನಾಗಿ ನೆನಪಿದೆ.

"ಇಟ್ಟುಕೊಳ್ಳಲಿ" ಎಂದರು.

"ಸಾರ್, ಫ್ಲೋರಿಕಾ..."

"ನನಗೆ ಗೊತ್ತು ಫ್ಲೋರಿಕಾ ಯಾರು ಅಂತ." ಕಾರಿಗೆ ವಾಪಸಾಗಿ ಎಂಜಿನ್ನು ಚಾಲೂ ಮಾಡದೆ ಕೂತರು. "ನಮ್ಮ ಮನೆಗೆ ಬಂದ ಪೊಲೀಸರೂ ನಿಮ್ಮ ಹಾಗೇ ನಯವಾಗಿ ಬಾಗಿಲು ತಟ್ಟಿದ್ದರು" ಎಂದರು. ಹಿಂದಿನ ಸೀಟಿನಲ್ಲಿದ್ದ ನೂರಾ ಹನ್ನೊಂದು ಪ್ರತಿಗಳನ್ನು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಇಳಿಸಿ, "ನೀವೇ ಏನಾದರೂ ಮಾಡಿ. ಇವನ್ನು ಸುಡಲು ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಹೊರಟುಹೋದರು.

ಅದಾಗಿ ಎಂಟು ತಿಂಗಳಿಗೆ ಫ್ಲೋರಿಕಾಳಿಗೆ ಪಾಸ್‌ಪೋರ್ಟು ಬಂತು.

ನಾನು ಸಿಹಿ ಹಿಡಿದು ಅಂಗಡಿಗೆ ಓಡಿದೆ. ಗ್ರಿಗೋರೆಯವರು ತಂತಿಯ ಸುದ್ದಿಯನ್ನು ಮುಂದಿಟ್ಟುಕೊಂಡು, ರಿಪೇರಿಗೆ ಬಂದ ಯಂತ್ರವನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. "ಐದು ವರ್ಷ ಇಲ್ಲ ಅಂದರು. ಈಗ ಹೂಂ ಅಂದರು. ಯಾಕೆ?"

"ಸಾರ್, ಮನಸ್ಸು ಕರಗಿರಬಹುದು."

"ಅವರಿಗೆ ಅದು ಇಲ್ಲ. ಪುಕ್ಕಟೆ ಬಿಡುವುದಿಲ್ಲ. ಅವಳ ಕೈಯಲ್ಲಿ ಏನೋ ಸಹಿ ಹಾಕಿಸಿದ್ದಾರೆ. ಹೋಗು, ಗಂಡನ ಹತ್ತಿರ ಇರು, ಅವನು ಏನು ಬರೆಯುತ್ತಾನೆ ನೋಡು, ನಮಗೆ ತಿಳಿಸು." ತಮ್ಮ ಬಾಯಿಂದ ಬಂದ ಮಾತು ತಮಗೇ ಕೇಳಿಸಿ ಅವರು ತಂತಿಯ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ನಾನೇ ಕಾರು ಹೊಡೆದೆ. ಕುಳ್ಳನೆಯ, ನರೆತ, ಗಟ್ಟಿ ರಟ್ಟಿನ ಪೆಟ್ಟಿಗೆ ಹಿಡಿದ ಹೆಂಗಸು ಬಾಗಿಲು ದಾಟಿ ಬಂದವಳೇ ಪೆಟ್ಟಿಗೆ ಬಿಟ್ಟು ಅವರ ಎದೆಗೆ ಮುಖ ಒತ್ತಿ ಅತ್ತಳು. ಗ್ರಿಗೋರೆಯವರೂ ಅಳುತ್ತಿದ್ದರು. ಅಳುತ್ತಲೇ, ಅವಳ ತಲೆಯ ಮೇಲಿಂದ, ಅವಳ ಹಿಂದೆ ಯಾರು ಯಾರು ಹೊರಗೆ ಬರುತ್ತಿದ್ದಾರೆಂದು ನೋಡುತ್ತಿದ್ದರು.

ಫ್ಲೋರಿಕಾ ಗಂಡನಿಗೆ ತದ್ವಿರುದ್ಧ. ಹರುಕುಮುರುಕು ಇಂಗ್ಲಿಷಿನಲ್ಲಿ ಎಲ್ಲರೊಡನೆಯೂ ಮಾತು. ನಿಮ್ಮ ಆಫೀಸು ಎಲ್ಲಿ? ಗ್ರಿಗೋರೆಗೆ ಯಾರು ಯಾರು ಸ್ನೇಹಿತರು? ಭಾನುವಾರ ಯಾರು ಬರುತ್ತಾರೆ? ಹೊಸ ಊರಿಗೆ ಬಂದ ಯಾವ ಹೆಂಗಸಾದರೂ ಕೇಳುವ ಪ್ರಶ್ನೆಗಳು. ಅವಳು ಒಂದೊಂದು ಕೇಳಿದಾಗಲೂ ಗ್ರಿಗೋರೆಯವರ ದವಡೆ ಬಿಗಿಯುತ್ತಿತ್ತು. ನಾಚಿಕೆಯ ಸಂಗತಿಯೆಂದರೆ, ಒಂದು ಸಂಜೆ ಅವಳು ಕೇಳಿದ ಪ್ರಶ್ನೆಗಳನ್ನು ನಾನೂ ಎಣಿಸಿದೆ. ಹದಿನಾಲ್ಕು. ಮಾರಿಯತ್ತೆಯ ಕಾಗದಗಳು ಆ ತಿಂಗಳಿನಿಂದ ನಿಂತವು. ಅಲ್ಲಿ ಕಿಟಕಿ ಮುಚ್ಚಿ ಕೂತವರು ಮುದುಕಿ ಸತ್ತಳೆಂದುಕೊಂಡಿರಬೇಕು.

ಒಮ್ಮೆ ಅವಳು ಒಬ್ಬಳೇ ರತ್ನಳ ಹತ್ತಿರ ಬಂದಿದ್ದಳು. "ಪಾಸ್‌ಪೋರ್ಟ್ ಆಫೀಸಿನಲ್ಲಿ ಯಾರಿದ್ದರು, ಏನು ಕೇಳಿದರು ಅಂತ ದಿನಾ ವಿಚಾರಿಸುತ್ತಾನೆ. ಅಲ್ಲಿ ಅವರು ಕೇಳುತ್ತಿದ್ದರು, ಇಲ್ಲಿ ಇವನು" ಎಂದು ಹೇಳಿ, ನಕ್ಕು, ಟೀ ಕುಡಿದು ಹೋದಳಂತೆ.

ನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಬಾಡಿಗೆ ಟ್ರಕ್ಕು ನಿಂತಿತ್ತು. ಉತ್ತರಕ್ಕೆ ಹೋಗುತ್ತೇವೆ ಎಂದರು. ಉತ್ತರ ಎಂದರೆ ಯಾವ ಊರು ಎಂದೆ. "ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮನ್ನು ಯಾರೂ ಕೇಳಲಾರರು" ಎಂದರು. ಅವರ ಬಾಯಲ್ಲಿ ಅದು ಆಶೀರ್ವಾದ. ರತ್ನ ಮತ್ತು ಫ್ಲೋರಿಕಾ ಟ್ರಕ್ಕಿನ ಆ ಬದಿಯಲ್ಲಿ ಮಾತಾಡುತ್ತಿದ್ದರು. ನಾನು ಧೈರ್ಯ ಮಾಡಿದೆ.

"ಅವರನ್ನು ಕೇಳಿದಿರಾ? ಸಹಿ ಹಾಕಿದೆಯಾ ಅಂತ?"

"ಕೇಳಿದೆ. ಇಲ್ಲ ಅಂದಳು."

"ನಂಬಿದಿರಾ?"

"ಇಲ್ಲ." ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದರು. "ನಂಬಲು ಬರುವುದಿಲ್ಲ ನನಗೆ. ಆ ಭಾಗ ಅವರು ಕಿತ್ತುಕೊಂಡರು, ಅದಕ್ಕೆ ಬಿಡಿಭಾಗ ಸಿಗುವುದಿಲ್ಲ. ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಅವಳು ಹಾಕಿದ್ದರೂ ಸರಿ, ಇಲ್ಲದಿದ್ದರೂ ಸರಿ, ಇನ್ನು ಕೇಳುವುದಿಲ್ಲ. ಅವಳ ಜೊತೆ ಮುದುಕನಾಗುತ್ತೇನೆ."

ನನ್ನ ಕೈ ಕುಲುಕಿದರು. ಅದಕ್ಕೆ ಮೊದಲು ಎಂದೂ ಕುಲುಕಿರಲಿಲ್ಲ. ಟ್ರಕ್ಕು ಎಲ್ ಕಮೀನೋದ ಸಿಗ್ನಲ್ ದಾಟಿ ಹೋಯಿತು.

ಕಾರಿನಲ್ಲಿ ರತ್ನ ಮುಷ್ಟಿ ಬಿಚ್ಚಿದಳು. ಒಂದು ಚೀಟಿ. ಫ್ಲೋರಿಕಾಳ ದುಂಡು ಅಕ್ಷರದಲ್ಲಿ ಬೀದಿ, ಊರು, ರಾಜ್ಯ, ಪಿನ್ ನಂಬರು.

"ಅವರಿಗೆ ಗೊತ್ತಾ, ಇದನ್ನ ಕೊಟ್ಟಿದ್ದು?" ಎಂದೆ.

"ಗುಟ್ಟಾಗಿ ಕೈಗೆ ತುರುಕಿದಳು. ಹೊಸ ಊರಲ್ಲಿ ಪರಿಚಯದೋರು ಯಾರೂ ಇರಲ್ಲ, ಯಾರಾದ್ರೂ ಕಾಗದ ಬರೀಲಿ ಅಂತ ಪಾಪ, ಕೊಟ್ಟಿದಾಳೆ."

"ಇರಬಹುದು."

"ಇರಬಹುದು ಅಂದ್ರೇನ್ರೀ? ನಿಮಗೂ ಅವರ ಗಾಳಿ ಬಡೀತು!"

ಬಡಿದಿತ್ತು. ಆದರೆ ನನ್ನ ಭಯ ಆ ಚೀಟಿಯ ಬಗ್ಗೆ ಅಷ್ಟಿರಲಿಲ್ಲ. ನಾವು ಕಾಗದ ಬರೆದರೆ ಅದು ಮೊದಲು ಸಿಗುವುದು ಗ್ರಿಗೋರೆಯವರ ಕೈಗೆ. ಅಂಚೆಪೆಟ್ಟಿಗೆ ತೆರೆಯುವ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಡುವವರಲ್ಲ. ಯಾರಿಗೂ ಹೇಳದ ವಿಳಾಸ ಇವರಿಗೆ ಹೇಗೆ ಸಿಕ್ಕಿತು? ಇನ್ನೂ ಯಾರಿಗೆ ಸಿಕ್ಕಿರಬಹುದು? ಎಂದು ಅವರ ಸಂಶಯ ಮತ್ತೆ ಫ್ಲೋರಿಕಾಳ ಕಡೆಗೇ ತಿರುಗುತ್ತದೆ. ಕೇಳುವುದಿಲ್ಲವೆಂದು ತೀರ್ಮಾನ ಮಾಡಿದ ಮನುಷ್ಯ ಬಾಯಿ ಬಿಟ್ಟು ಕೇಳಲಾರರು. ಪೆಟ್ಟಿಗೆಯ ಮುಂದೆ ಲಕೋಟೆ ಹಿಡಿದು ನಿಲ್ಲುತ್ತಾರೆ, ಅಷ್ಟೇ.

ಪ್ರತಿ ಡಿಸೆಂಬರಿನಲ್ಲೂ ರತ್ನ ಆ ಚೀಟಿ ತೆಗೆದು, ಒಂದು ಗ್ರೀಟಿಂಗ್ ಕಾರ್ಡಿನ ಜೊತೆ ನನ್ನ ಮುಂದಿಡುತ್ತಾಳೆ. ಅವರ ದೇಶದ ಆ ಸರ್ಕಾರ ಬಿದ್ದುಹೋದ ಡಿಸೆಂಬರಿನಲ್ಲೂ ಇಟ್ಟಳು. ಇನ್ನೇನು ಭಯ, ಈಗಲಾದರೂ ಬರೆಯಿರಿ ಎಂದಳು. ನಾನು ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದೆ. ವಿಳಾಸದ ಸಾಲಿಗೆ ಬಂದು ಪೆನ್ನು ಮುಚ್ಚಿದೆ.